ದೋಣಿಯ ತಳ ನೋಡಿದ ಭಾನುವಾರ

ಮೊನ್ನೆ ಕಪಾಟು ಒರೆಸುವಾಗ ಒಂದು ಜೊತೆ ಕಾಲುಚೀಲ ಸಿಕ್ಕಿತು. ಹೆಬ್ಬೆರಳಿಗೆ ಒಂದು ಕೋಣೆ, ಉಳಿದ ನಾಲ್ಕು ಬೆರಳಿಗೆ ಸೇರಿ ಒಂದು ಕೋಣೆ ಇರುವ ನೀಲಿ ಕಾಲುಚೀಲ. ಜಪಾನಿನ ಒಂದು ರೈಲು ನಿಲ್ದಾಣದಲ್ಲಿ ಕೊಂಡದ್ದು. ಹಾಕಿಕೊಂಡರೆ ಹಿರೇಕೆರೂರಿನಲ್ಲಿ ಎದುರಾದವರೆಲ್ಲ ಜ್ವರ ಬಂದಿದೆಯೇ ಎಂದು ಕೇಳುತ್ತಾರೆ. ಎಸೆಯಲು ಮನಸ್ಸಿಲ್ಲ. ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ಮಂಚದ ಮೇಲೆ ಕೂತೆ. ಆ ಭಾನುವಾರವೆಲ್ಲ ನೆನಪಾಯಿತು.

ನಾನು ಜಪಾನಿಗೆ ಹೋಗಿ ಬಂದೆನೆಂದರೆ ನಮ್ಮ ಓಣಿಯಲ್ಲಿ ಅರ್ಧ ಜನ ಇನ್ನೂ ನಂಬಿಲ್ಲ. ಅವರದೇನೂ ತಪ್ಪಿಲ್ಲ. ಹಾವೇರಿಗೆ ಹೋಗುವ ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ವಾಂತಿ ಮಾಡಿಕೊಳ್ಳುವವಳು ನಾನು. ಒಂದು ಬೀಜದ ಕಂಪನಿಯಲ್ಲಿ ಹೊಲ ತಿರುಗಿ ಮೇಲ್ವಿಚಾರಣೆ ಮಾಡುವುದು ನನ್ನ ಕೆಲಸವಾಗಿತ್ತು. ನಮ್ಮ ಕಡೆ ಟೊಮೆಟೊ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುತ್ತಾರೆ. ಸಂಜೆ ಚಿಮ್ಮಟದಿಂದ ಮೊಗ್ಗಿನ ಗಂಡುಭಾಗ ಕಿತ್ತು ಬಿಡುವುದು, ಬೆಳಿಗ್ಗೆ ಬೇರೆ ತಳಿಯ ಪರಾಗ ಒರೆಸುವುದು. ಹೆಣ್ಣುಮಕ್ಕಳ ಕೆಲಸ. ನಮ್ಮ ಬೀಜ ಕೊಳ್ಳುವ ಜಪಾನಿನವರು ಒಮ್ಮೆ ಹಂಸಭಾವಿಯ ಹೊಲಕ್ಕೆ ಬಂದಾಗ ಅಲ್ಲಿ ಕೆಲಸಕ್ಕಿದ್ದ ಗಂಗವ್ವನ ಕೈ ನೋಡಿ ಬೆರಗಾದರು. ಆಕೆ ಮುಟ್ಟಿದ ಮೊಗ್ಗಿಗೆ ಒಂದು ಗೀರೂ ಬೀಳುವುದಿಲ್ಲ. ತಮ್ಮ ಪ್ರಯೋಗದ ತೋಟದಲ್ಲಿ ಹತ್ತು ದಿನ ಅದನ್ನು ಮಾಡಿ ತೋರಿಸಲು ಆಕೆಯನ್ನು ಕರೆಸಿಕೊಂಡರು. ಆಕೆಯ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬರು ಬೇಕಲ್ಲ, ಹಾಗಾಗಿ ನಾನೂ ಹೋದೆ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಮೇಲಿನ ಚೀಟಿ, ತಿಂಗಳ ವರದಿ ಓದಿ ಬರೆದು ಕಲಿತ ಇಂಗ್ಲಿಷ್ ನನ್ನದು. ಅದರಲ್ಲಿ ರೋಗ, ಕೀಟ, ಇಳುವರಿ ಬಿಟ್ಟರೆ ಬೇರೆ ಶಬ್ದ ಕಡಿಮೆ.

ಗಂಗವ್ವನಿಗೆ ಆಗ ಅರವತ್ತೆರಡು. ಹದಿನೆಂಟು ವರ್ಷ ನನ್ನ ಕೈಕೆಳಗೆ ದುಡಿದವಳು. ಗಂಡನಿಲ್ಲ, ವರದಾ ನದಿಯ ಕಡೆ ಸವಣೂರು ತಾಲೂಕಿನ ಒಂದು ಹಳ್ಳಿಯಿಂದ ಬಂದು ಹಂಸಭಾವಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ, ಊರಲ್ಲಿ ಮಗ ಒಕ್ಕಲುತನ ಮಾಡುತ್ತಾನೆ. ಆಕೆಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಇಷ್ಟು ಗೊತ್ತಿರುವುದನ್ನೇ ಪರಿಚಯ ಅಂದುಕೊಂಡಿದ್ದೆ.

ನಡುವೆ ಒಂದು ಭಾನುವಾರ ರಜೆ ಸಿಕ್ಕಿತು. ಕಂಪನಿಯ ದುಭಾಷಿ ಹರುಕಾ, ಇಪ್ಪತ್ತಾರರ ಹುಡುಗಿ, ನಮ್ಮನ್ನು ಒಂದು ಹಳೆಯ ಹೊಳೆದಂಡೆಯ ಊರಿಗೆ ಕರೆದುಕೊಂಡು ಹೊರಟಳು. ರೈಲಿನಲ್ಲಿ ಒಂದೂವರೆ ತಾಸು. ಮೇ ತಿಂಗಳಾದರೂ ಬೆಳಗಿನ ಹೊತ್ತು ಚಳಿ. ಗಂಗವ್ವ ಬೂಟು ಬೇಡವೆಂದು ಹಟ ಹಿಡಿದು ಚಪ್ಪಲಿಯಲ್ಲೇ ಬಂದಿದ್ದಳು. ಚಪ್ಪಲಿಯೊಳಗೂ ಹಾಕಿಕೊಳ್ಳಬಹುದಾದ ಆ ಕಾಲುಚೀಲ ನಿಲ್ದಾಣದ ಅಂಗಡಿಯಲ್ಲಿ ಕಂಡದ್ದು ಹರುಕಾಳಿಗೆ. ಗಂಗವ್ವ ಹಾಕಿಕೊಂಡು ಎರಡು ಹೆಜ್ಜೆ ನಡೆದು, "ಅಕ್ಕಾರ, ಇವ್ರು ಶಾಣ್ಯಾರದಾರ ನೋಡ್ರಿ, ಹೆಬ್ಬಟ್ಟಿನ ಕಷ್ಟ ತಿಳದೈತಿ" ಅಂದಳು. ನಾನೂ ಒಂದು ಜೊತೆ ಕೊಂಡೆ.

ಊರಿನ ಹೆಸರು ನನ್ನ ನಾಲಿಗೆಗೆ ಈಗಲೂ ಕೂರುವುದಿಲ್ಲ, ಬರೆದು ಕೆಡಿಸುವುದು ಬೇಡ. ಊರ ನಡುವೆ ಕಿರಿದಾದ ಹೊಳೆ. ಎರಡೂ ದಂಡೆಗೆ ನೀರಿಗೆ ಬಾಗಿದ ಗಿಡಗಳು. ಗಿಡಗಳ ಹಿಂದೆ ಕಪ್ಪು ಗೋಡೆಯ ಮರದ ಮನೆಗಳು, ಹಳೇ ಗೋದಾಮುಗಳು. ಪ್ರತಿ ಮನೆಯ ಮುಂದಿನಿಂದ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಹಿಂದೆ ಅಕ್ಕಿ ಹೊತ್ತ ದೋಣಿಗಳು ಇಲ್ಲಿಂದಲೇ ರಾಜಧಾನಿಗೆ ಹೋಗುತ್ತಿದ್ದವಂತೆ. ಈಗ ನಮ್ಮಂಥವರನ್ನು ಕೂರಿಸಿಕೊಂಡು ಅರ್ಧ ತಾಸು ತಿರುಗಿಸಿ ತರುತ್ತವೆ. ಅಂಥದೊಂದು ದೋಣಿಯನ್ನು ಹುಲ್ಲಿನ ಟೋಪಿ ಹಾಕಿದ ಹೆಂಗಸೊಬ್ಬಳು ಬಿದಿರಿನ ಗಳದಿಂದ ನೂಕುತ್ತಿದ್ದಳು. ಗಂಗವ್ವ ಸೇತುವೆಯ ಮೇಲೆ ನಿಂತು ಅದನ್ನೇ ನೋಡಿದಳು.

"ಗಳ ಬರೋಬರಿ ಹಿಡದಾಳ. ಆದ್ರ ಒತ್ತೂದು ಸೊಂಟದಿಂದ ಒತ್ತಬೇಕು, ಹೆಗಲಿಂದ ಒತ್ತಾಕತ್ತಾಳ. ಸಂಜೀಕ ಕೈ ಬಿದ್ದ ಹೊಕ್ಕಾವ."

ಎಲ್ಲ ವಿಷಯಕ್ಕೂ ಒಂದು ಮಾತು ಹೇಳುವ ವಯಸ್ಸು ಎಂದುಕೊಂಡು ನಾನು ನಕ್ಕೆ. ದೋಣಿ ಹತ್ತೋಣವೇ ಎಂದು ಹರುಕಾ ಕೇಳಿದಳು. ಗಂಗವ್ವ ಬೇಡವೆಂದಳು. ನನಗೂ ಅದೇ ಬೇಕಾಗಿತ್ತು, ಬಸ್ಸಿನ ಕಥೆ ಹೇಳಿದೆನಲ್ಲ.

ಹಾಗಾಗಿ ಮನೆ ನೋಡಲು ಹೋದೆವು. ಹಳೆಯ ಧಾನ್ಯದ ವ್ಯಾಪಾರಿಯ ಮನೆ, ಬಂದವರಿಗೆ ತೋರಿಸುತ್ತಾರೆ. ಬಾಗಿಲಲ್ಲಿ ಸಣ್ಣ ಮೇಜು ಹಾಕಿಕೊಂಡು ಕೂತಿದ್ದ ಮುದುಕರೇ ಮನೆಯ ಯಜಮಾನರು. ಮೊರಿತಾ ಎಂದು ಹೆಸರು, ಎಂಬತ್ತಾರು ವಯಸ್ಸು, ನೆಟ್ಟಗಿನ ಬೆನ್ನು. ಗಂಗವ್ವನ ಸೀರೆ ನೋಡಿ ಎದ್ದು ನಿಂತು ಬಾಗಿದರು. ಗಂಗವ್ವನೂ ಕೈ ಮುಗಿದಳು.

ಒಳಗೆ ಮಣ್ಣಿನ ನೆಲದ ದೊಡ್ಡ ಪಡಸಾಲೆ. ನಾನು ಅಕ್ಕಿ ಅಳೆಯುವ ಮರದ ಪಡಿ ನೋಡುತ್ತಿದ್ದೆ. ಹಿಂದಿರುಗಿ ನೋಡಿದರೆ ಗಂಗವ್ವ ತಲೆ ಮೇಲೆತ್ತಿ ನಿಂತಿದ್ದಾಳೆ. ತೊಲೆಗಳಿಂದ ಹಗ್ಗ ಬಿಗಿದು ಒಂದು ಉದ್ದನೆಯ ಮರದ ದೋಣಿ ತೂಗುಹಾಕಿದ್ದರು.

ಮೊರಿತಾ ಅಜ್ಜ ಹತ್ತಿರ ಬಂದು ಹೆಮ್ಮೆಯಿಂದ ವಿವರಿಸಿದರು. ಈ ಹೊಳೆ ಮುಂದೆ ದೊಡ್ಡ ಹೊಳೆಗೆ ಸೇರುತ್ತದೆ. ದೊಡ್ಡದು ತುಂಬಿದರೆ ನೀರು ಹಿಂದೆ ತಿರುಗಿ ಊರಿಗೆ ನುಗ್ಗುತ್ತದೆ. ಹಾಗಾಗಿ ಹಳೆಯ ಮನೆಗಳಲ್ಲಿ ಹೀಗೊಂದು ದೋಣಿ ಇರುತ್ತಿತ್ತು, ನೀರು ಬಂದ ದಿನ ಇಳಿಸಲು. ಈಗ ದೊಡ್ಡ ಒಡ್ಡು ಕಟ್ಟಿದ್ದಾರೆ, ಉಳಿದವರು ದೋಣಿ ತೆಗೆದುಹಾಕಿದರು. ಇವರು ತೆಗೆದಿಲ್ಲ. ಇವರ ಮಗಳು, ಮೊಮ್ಮಕ್ಕಳು ಇದೇ ಮನೆಯಲ್ಲಿದ್ದಾರೆ. ಏನಾದರೂ ಆದರೆ ಇದು ಇದೆ ಎಂಬ ಧೈರ್ಯ.

"ಇಳಿಸಿ ನೋಡಿ ಎಷ್ಟ್ ವರ್ಷಾತು ಅಂತ ಕೇಳ್ರಿ," ಅಂದಳು ಗಂಗವ್ವ.

ನಾನು ಹರುಕಾಳಿಗೆ ಹೇಳಿದೆ, ಹರುಕಾ ಅಜ್ಜನಿಗೆ. ಉತ್ತರ ಅದೇ ದಾರಿಯಲ್ಲಿ ವಾಪಸು ಬಂತು. ಅವರ ತಂದೆ ತೂಗುಹಾಕಿದ್ದು. ಆಮೇಲೆ ಇಳಿಸಿಲ್ಲ.

ಗಂಗವ್ವ ಕತ್ತು ಕೆಳಗೆ ಮಾಡಲಿಲ್ಲ. "ನಡುವಿನ ಹಲಗಿ ಸಂದಿನಾಗ ನೋಡ್ರಿ. ಮ್ಯಾಲಿನ ಕಿಡಕಿ ಬೆಳಕ ಕಾಣಾಕತ್ತೈತಿ. ಇದು ನೀರಾಗ ನಿಲ್ಲಾಂಗಿಲ್ಲ. ಹೇಳ್ರಿ ಅವ್ರಿಗೆ."

ನೋಡಿದೆ. ದೋಣಿಯ ತಳದಲ್ಲಿ ದಾರದಷ್ಟು ಸಣ್ಣದೊಂದು ಬೆಳಕಿನ ಗೆರೆ. ಅಜ್ಜ ನಗುಮುಖದಿಂದ ನನ್ನತ್ತ ನೋಡುತ್ತಿದ್ದರು. ಅತಿಥಿಯಾಗಿ ಬಂದವಳು ಯಜಮಾನನ ಮನೆಯಲ್ಲಿ ನಿಂತು ನಿಮ್ಮ ಧೈರ್ಯಕ್ಕೆ ತೂತು ಬಿದ್ದಿದೆ ಎಂದು ಹೇಗೆ ಹೇಳುವುದು? ದೋಣಿ ಬಹಳ ಚೆನ್ನಾಗಿದೆ ಅನ್ನುತ್ತಾಳೆ ಎಂದು ಹರುಕಾಳಿಗೆ ಹೇಳಿಬಿಟ್ಟೆ. ಹೊಲದ ವರದಿಯಲ್ಲೂ ನಾನು ಇಂಥದ್ದು ಬಹಳ ಸಲ ಮಾಡಿದ್ದೇನೆ. ಅಜ್ಜ ಸಂತೋಷದಿಂದ ಬಾಗಿದರು.

ಗಂಗವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ನೀರಿನಲ್ಲಿ ದೋಣಿ ನಿಲ್ಲುವುದಿಲ್ಲ ಎಂದು ಕೇಳಿದವರು ಹಾಗೆ ನಗುವುದಿಲ್ಲ ಎಂಬುದು ಆಕೆಗೆ ತಿಳಿಯಿತು. ನನ್ನ ಮೊಣಕೈ ಹಿಡಿದಳು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆಕೆ ನನ್ನನ್ನು ಹಾಗೆ ಹಿಡಿದಿರಲಿಲ್ಲ.

"ನಾ ಹಂಗ ಅಂದಿಲ್ಲಲ್ರಿ. ಪೂರಾ ಹೇಳ್ರಿ. ಈ ಮನ್ಯಾಗ ಸಣ್ಣ ಹುಡುಗ್ರು ಅದಾವ."

ನಾನು ಹರುಕಾಳ ಕ್ಷಮೆ ಕೇಳಿ ಪೂರಾ ಹೇಳಿದೆ. ಹರುಕಾಳ ಮುಖ ಸಣ್ಣದಾಯಿತು, ಆದರೂ ಒಂದು ಶಬ್ದ ಬಿಡದೆ ದಾಟಿಸಿದಳೆಂದು ತೋರುತ್ತದೆ. ಅಜ್ಜ ದೋಣಿಯ ಕೆಳಗೆ ಬಂದು ಗಂಗವ್ವ ಬೆರಳು ಮಾಡಿದ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಂದೇ ಮಾತು ಆಡಿದರು. "ಎಂಬತ್ತು ವರ್ಷ ಇದರ ಕೆಳಗೇ ಓಡಾಡಿದ್ದೇನೆ."

ಅವರು ಪಕ್ಕದ ಅಂಗಡಿಯಿಂದ ಇಬ್ಬರನ್ನು ಕರೆದರು, ಅಳಿಯನನ್ನೂ ಕರೆದರು. ಇಳಿಸಿಯೇ ನೋಡೋಣ ಅಂದರು. ಹಗ್ಗ ಬಿಚ್ಚುವುದಕ್ಕೇ ಮುಕ್ಕಾಲು ತಾಸು ಹಿಡಿಯಿತು. ತೊಲೆಯಿಂದ ಉದುರಿದ ಧೂಳು ಎಲ್ಲರ ತಲೆಯ ಮೇಲೆ ಬಿತ್ತು. ದೋಣಿಯನ್ನು ಹೊತ್ತು ರಸ್ತೆ ದಾಟಿಸಿ, ಮನೆಯ ಮುಂದಿನ ಮೆಟ್ಟಿಲಿನಿಂದ ಮೆಲ್ಲಗೆ ನೀರಿಗೆ ಬಿಟ್ಟರು. ಮನೆ ನೋಡಲು ಬಂದವರು ನಾಲ್ಕಾರು ಮಂದಿ ಸುಮ್ಮನೆ ನಿಂತು ನೋಡಿದರು. ಮೊದಲು ದೋಣಿ ಚೆಂದವಾಗಿ ತೇಲಿತು, ನನಗೆ ಸಮಾಧಾನವೂ ಆಯಿತು. ನಡುವೆ ನೀರು ಜಿನುಗಿತು. ಹತ್ತು ನಿಮಿಷದಲ್ಲಿ ಹಿಮ್ಮಡಿ ಮುಳುಗುವಷ್ಟು ನಿಂತಿತು.

ಅಂಗಡಿಯವನು ಒಪ್ಪಲಿಲ್ಲ. ಒಣಗಿದ ದೋಣಿ ಮೊದಲ ದಿನ ಸೋರುವುದು ಸಹಜ, ಮರ ನೀರು ಕುಡಿದು ಉಬ್ಬಿದರೆ ಸಂದು ತಾನೇ ಮುಚ್ಚಿಕೊಳ್ಳುತ್ತದೆ, ಒಂದು ದಿನ ಬಿಟ್ಟು ನೋಡಿ ಎಂದ. ಅದು ನಿಜವೇ ಇರಬೇಕು, ಗಂಗವ್ವನೂ ತಲೆಯಾಡಿಸಿದಳು.

"ಖರೇ ಐತಿ. ಆದ್ರ ಹೊಳಿ ಬಂದ ದಿನ, ಮರ ಉಬ್ಬೂತನಕ ನಿಂದ್ರು ಅಂದ್ರ ನಿಂದರತೈತೇನ್ರಿ ಅದು?"

ಇದನ್ನು ನಾನು ಮೆತ್ತಗೆ ಮಾಡಲಿಲ್ಲ. ಅಜ್ಜ ಮೆಟ್ಟಿಲ ಮೇಲೆ ಕೂತು, ಗಂಗವ್ವನಿಗೂ ಪಕ್ಕದಲ್ಲಿ ಜಾಗ ತೋರಿಸಿದರು. ನಾವಿಬ್ಬರು ದುಭಾಷಿಗಳು ಒಂದು ಮೆಟ್ಟಿಲು ಮೇಲೆ ಕೂತೆವು. ನಿಮಗೆ ಇದು ಹೇಗೆ ಗೊತ್ತು ಎಂದು ಅಜ್ಜ ಕೇಳಿದರು.

"ನಮ್ಮ ಮನಿಯವ್ರು ಅಂಬಿಗರು," ಅಂದಳು ಗಂಗವ್ವ.

ನನಗೆ ಅದೇ ಮೊದಲು ತಿಳಿದದ್ದು. ಆಕೆಯ ಗಂಡ ವರದಾ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ. ಬಿದಿರಿನ ಬುಟ್ಟಿಗೆ ಡಾಂಬರು ಮೆತ್ತಿದ ತಾಡಪತ್ರಿ ಹೊದಿಸಿದ ದುಂಡನೆಯ ದೋಣಿ. ಆಮೇಲೆ ಸೇತುವೆ ಬಂತು. ಕೆಲಸ ಹೋಯಿತು, ಎರಡೆಕರೆ ಹೊಲ ಹಿಡಿದರು. ಹರಿಗೋಲನ್ನು ಮಾತ್ರ ಆತ ಒಡೆಯಲಿಲ್ಲ, ದನದ ಕೊಟ್ಟಿಗೆಯಲ್ಲಿ ಕವುಚಿ ತೂಗುಹಾಕಿದ. ಹನ್ನೊಂದು ವರ್ಷ ಅಲ್ಲೇ ಇತ್ತು. ಹನ್ನೆರಡನೆಯ ಮಳೆಗಾಲ ಹೊಳೆ ಉಕ್ಕಿ ಸೇತುವೆ ಮುಳುಗಿತು. ಹೊಳೆಯಾಚೆ ಹೊಲದ ಕಡೆಯ ಮನೆಗಳಲ್ಲಿ ಜನ ಸಿಕ್ಕಿಬಿದ್ದರು. ಬೆಳಿಗ್ಗೆ ಆತ ಹರಿಗೋಲು ಇಳಿಸಿ ಹೋದ. ಮೊದಲ ಸಲ ಮೂವರನ್ನು ತಂದ, ಎರಡನೆಯ ಸಲ ಇಬ್ಬರನ್ನು ತಂದ. ಮತ್ತೆ ಹೋದ.

ಗಂಗವ್ವ ಇಷ್ಟು ಹೇಳಿ ನಿಲ್ಲಿಸಿದಳು. ನಾನು ಹೇಳಿದೆ, ಹರುಕಾ ಹೇಳಿದಳು. ಅಜ್ಜ ಏನೋ ಕೇಳಿದರು. ಹರುಕಾ ನನ್ನತ್ತ ತಿರುಗಲು ತಡ ಮಾಡಿದಳು. ಅವರು ತಿರುಗಿ ಬಂದರೇ ಎಂದು ಕೇಳುತ್ತಿದ್ದಾರೆ ಅಂದಳು.

ಅದನ್ನು ಕನ್ನಡದಲ್ಲಿ ಕೇಳುವುದು ನನ್ನ ಪಾಲಿಗೆ ಬಂತು. ಕೇಳಿದೆ.

"ಇಲ್ರಿ. ನಾಕನೇ ದಿನ ಕೆಳಗಿನೂರಾಗ ಸಿಕ್ಕ್ರು." ನೀರನ್ನೇ ನೋಡುತ್ತ ಆಕೆ ಮುಂದುವರಿಸಿದಳು. "ಇನ್ನೊಂದ್ ಐತಿ. ಇದನ್ನೂ ಹೇಳ್ರಿ. ಹರಗೋಲಿನ ತಾಡಪತ್ರಿ ಇಲಿ ಕಡದಿತ್ತು. ಅಂಗೈ ಅಷ್ಟ್ ತೂತು. ನಾ ದಿನಾ ಸೆಗಣಿ ಬಳಿಯಾಕ ಹೋಗ್ತಿದ್ನೆಲ್ರಿ, ನೋಡಿದ್ದೆ. ಹೇಳಿದ್ರ ಅವ್ರಿಗೆ ಸಂಕಟ ಆಕ್ಕೇತಿ, ಮೊದಲ ಕೆಲಸ ಹೋಗಿ ನೊಂದಾರ, ಇನ್ನ ಇದನ್ನ ಯಾರ್ ಹೊಳಿಗೆ ಒಯ್ತಾರ ಅಂತ ಹೇಳಲಿಲ್ಲ. ಅವತ್ತ ಮುಂಜಾನೆ ನಾ ಓಣ್ಯಾಗಿನ ಸಣ್ಣ ಕೂಸುಗಳ್ನ ಎತ್ತರದಾಗಿನ ಗುಡಿಗೆ ಮುಟ್ಟಸಾಕ ಹೋಗಿದ್ದೆ. ಬರೂದ್ರಾಗ ಅವ್ರು ಹೋಗಿಬಿಟ್ಟಿದ್ರು. ನನಗ ಗೊತ್ತಿತ್ತರಿ. ನನಗ ಗೊತ್ತಿತ್ತು."

ಅಲ್ಲಿಯವರೆಗೆ ನಾನು 'ಅವಳು ಹೇಳುತ್ತಾಳೆ' ಎಂದೇ ಇಂಗ್ಲಿಷಿನಲ್ಲಿ ಶುರುಮಾಡುತ್ತಿದ್ದೆ. ಈಗ ಹೇಗೋ ಅದು ಬಿಟ್ಟುಹೋಯಿತು. ನನಗೆ ಗೊತ್ತಿತ್ತು ಎಂದು ನನ್ನ ಬಾಯಿಂದಲೇ ಬಂತು. ನನ್ನ ಬಡ ಇಂಗ್ಲಿಷಿಗೆ ಅವತ್ತು ಶಬ್ದದ ಕೊರತೆ ಬೀಳಲಿಲ್ಲ. ಹರುಕಾ ಅಳುತ್ತಲೇ ಅದನ್ನು ಮುಟ್ಟಿಸಿದಳು.

ಅಜ್ಜ ಸಮಾಧಾನ ಹೇಳಲಿಲ್ಲ. ನಮ್ಮಲ್ಲಾದರೆ ಹಣೆಬರಹ ಎಂದು ಒಂದು ಮಾತು ಬಂದುಬಿಡುತ್ತಿತ್ತು. ಅವರು ನಿಧಾನವಾಗಿ, ಹರುಕಾಳಿಗೆ ಸಮಯ ಕೊಡುತ್ತ ಅಂದರು: "ನನಗೂ ಗೊತ್ತಿತ್ತು ಎಂದೇ ಈಗ ಅನಿಸುತ್ತಿದೆ. ನೋಡಿದರೆ ಏನಾದರೂ ಕಂಡೀತೆಂದು ನಾನು ತಲೆ ಎತ್ತಲಿಲ್ಲ. ನೀವು ಅಷ್ಟು ದೂರದಿಂದ ಬಂದು ನನಗೆ ಹೇಳಿದಿರಿ. ನಿಮ್ಮ ಮನೆಮಂದಿಗೆ ಇದನ್ನು ಹೇಳಿದ್ದೀರಾ?"

ಗಂಗವ್ವ ಇಲ್ಲವೆಂದು ತಲೆಯಾಡಿಸಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಹೊರಡುವಾಗ ಅಜ್ಜ ರಸ್ತೆಯ ತಿರುವಿನವರೆಗೂ ಬಂದರು. ನಾವು ಹಿಂದಿರುಗಿ ನೋಡಿದಾಗಲೆಲ್ಲ ಬಾಗಿಕೊಂಡೇ ಇದ್ದರು. ಮಳೆಗಾಲಕ್ಕೆ ಮುಂಚೆ ಬಡಿಗನನ್ನು ಕರೆಸಿ ಹಲಗೆ ಬದಲಿಸಿದರೆಂದೂ ಈಗ ವರ್ಷಕ್ಕೊಮ್ಮೆ ದೋಣಿಯನ್ನು ನೀರಿಗಿಳಿಸುತ್ತಾರೆಂದೂ ಹರುಕಾ ಆಮೇಲೆ ಫೋಟೊ ಸಮೇತ ತಿಳಿಸಿದಳು.

ವಾಪಸು ರೈಲಿನಲ್ಲಿ ಹರುಕಾ ನಿದ್ದೆ ಹೋದಳು. ನಾನು ತಡೆಯಲಾರದೆ ಕೇಳಿದೆ, ಇಷ್ಟು ವರ್ಷ ನನಗ್ಯಾಕೆ ಒಂದು ಮಾತು ಹೇಳಲಿಲ್ಲ ಗಂಗವ್ವ?

ಆಕೆ ಸಿಟ್ಟಿಲ್ಲದೆ ಅಂದಳು. "ನೀವು ಕೇಳಿದ್ದಕ್ಕೆಲ್ಲ ಹೇಳೇನಲ್ರಿ ಅಕ್ಕಾರ. ಇವತ್ತ ಎಷ್ಟ್ ಹೂವಾದ್ವು ಅಂತ ಕೇಳ್ತಿದ್ರಿ. ಹೇಳ್ತಿದ್ದೆ."

ರೈಲು ಇಳಿಯುವ ಮುಂಚೆ ಆಕೆಯೇ ಅಂದಳು. "ಊರಿಗೆ ಹೋದಮ್ಯಾಲ ನನ್ನ ಮಗಗ ಹೇಳಬೇಕು. ನೀವು ಜೋಡಿ ಬರ್ರಿ. ಒಬ್ಬಾಕಿಗೆ ಬಾಯಿ ಬರಾಂಗಿಲ್ಲ."

ಹೋದೆವು. ಹಿರೇಕೆರೂರಿನಿಂದ ಹಾವೇರಿ, ಅಲ್ಲಿ ಬಸ್ಸು ಬದಲಿಸಿ ಸವಣೂರಿನ ದಾರಿ. ಕಿಟಕಿಯ ಸೀಟನ್ನು ಗಂಗವ್ವನೇ ನನಗೆ ಬಿಟ್ಟುಕೊಟ್ಟಳು. ಆಕೆಯ ಮಗ ಮಾಲತೇಶನಿಗೆ ನಲವತ್ತು ದಾಟಿರಬೇಕು. ಗೋವಿನಜೋಳದ ತೆನೆ ಸುಲಿಯುತ್ತ ಅಂಗಳದಲ್ಲಿ ಕೂತಿದ್ದ. "ಬರ್ರಿ ಅಕ್ಕಾರ, ಕುಂದರ್ರಿ," ಎಂದು ಗೋಣಿಚೀಲ ಹಾಸಿದ. ಸೊಸೆ ಚಹಾ ಕೊಟ್ಟಳು. ಜಪಾನಿನಲ್ಲಿ ಊಟ ಹೆಂಗಿತ್ತು ಎಂದು ಕೇಳಿದರು. ಗಂಗವ್ವ ಅದಕ್ಕೆ ಉತ್ತರಿಸದೆ ನೇರವಾಗಿ ಶುರುಮಾಡಿದಳು. ಹೊಳೆಯ ದಂಡೆಯಲ್ಲಿ ಹೇಳಿದ್ದನ್ನೇ, ಅದೇ ಶಬ್ದಗಳಲ್ಲಿ ಹೇಳಿದಳು. ಇಲಿ ಕಡಿದದ್ದು, ತಾನು ನೋಡಿದ್ದು, ಸುಮ್ಮನಿದ್ದದ್ದು. ನಾನು ಪಕ್ಕದಲ್ಲಿ ಕೂತಿದ್ದೆ, ತಿರುಗಿಸಿ ಹೇಳುವುದೇನೂ ಇರಲಿಲ್ಲ.

ಮಾಲತೇಶ ಕೈಯಲ್ಲಿದ್ದ ತೆನೆ ಕೆಳಗಿಟ್ಟ.

"ಅಪ್ಪಗ ಗೊತ್ತಿತ್ತವ್ವ."

ಗಂಗವ್ವ ಮಗನ ಮುಖ ನೋಡಿದಳು.

"ಇಳಿಸೂವಾಗ ನಾನೂ ಇದ್ನೆಲ್ಲ. ತೂತು ನೋಡಿದ. ಬ್ಯಾಡಪಾ ಅಂದೆ. ಆ ಕಡೆ ಮಂದಿ ಕೂಗಾಕತ್ತಾರ, ಇನ್ನೇನ್ ಮಾಡೂದು ಅಂದ. ತಲಿ ಮ್ಯಾಲಿನ ರುಮಾಲ ಬಿಚ್ಚಿ, ಹರದು, ಡಾಂಬರಾಗ ಅದ್ದಿ ತುರುಕಿದ. ಹೋಗೂವಾಗ, ನಿಮ್ಮವ್ವಗ ಹೇಳಬ್ಯಾಡ, ಮನಸ್ಸಿಗೆ ಹಚ್ಚಿಕೊಂತಾಳ ಅಂದ. ಅಪ್ಪ ಕಡೀಕ ಆಡಿದ ಮಾತು ಅದು. ಹೆಂಗ್ ಮೀರ್ಲಿ?"

ಇಪ್ಪತ್ತು ವರ್ಷ ತಾಯಿ ಮಗನ ಮುಂದೆ, ಮಗ ತಾಯಿಯ ಮುಂದೆ ಒಂದೇ ವಿಷಯವನ್ನು ಮುಚ್ಚಿಟ್ಟುಕೊಂಡು ಬದುಕಿದ್ದರು. ಸೊಸೆ ಬಾಗಿಲಲ್ಲಿ ನಿಂತಲ್ಲೇ ನಿಂತಿದ್ದಳು. ಗಂಗವ್ವ ಅಳುತ್ತಾಳೆಂದು ನಾನು ಆಕೆಯ ಬೆನ್ನಿನ ಮೇಲೆ ಕೈ ಇಟ್ಟೆ. ಆಕೆ ಅಳಲಿಲ್ಲ. ಏನನ್ನೋ ಹುಡುಕುವವಳಂತೆ ಹುಬ್ಬು ಗಂಟಿಕ್ಕಿ ಕೂತಿದ್ದಳು.

"ಯಾವ ರುಮಾಲ?" ಅಂದಳು.

"ಹಳದೀದು. ನನ್ನ ಲಗ್ನದಾಗ ಸುತ್ತಿದ್ದನಲ್ಲ, ಅದು."

"ಹೊಸಾದ ಹರದ್ನೇನು?"

"ಹೂಂ ಅವ್ವ."

"ಒಂದ್ ಸಲಾ ಸೈತ ಒಗದಿದ್ದಿಲ್ಲೋ ಅದನ್ನ," ಎಂದು ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಳು ಬಂತು.